ಪತ್ರದ ಕೊನೆಯ ಸಾಲು

"ದೇವಿಕಾ."

ತಿಪ್ಪೇಶ್ ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಕೂಗಿದರು. ಅಲ್ಲಿಯವರೆಗೆ ಒಂದು ಹೆಸರಿಗೆ ಒಂದು ದನಿ 'ಯಸ್ ಸರ್' ಎನ್ನುತ್ತಿತ್ತು. ಈ ಹೆಸರಿಗೆ ಇಡೀ ತರಗತಿ ಒಟ್ಟಿಗೆ ಬಾಯಿ ಬಿಟ್ಟಿತು.

"ಬರ್ತಾಳ್ರೀ."

ಮೇಷ್ಟ್ರು ಪುಸ್ತಕದಲ್ಲಿ ಏನೋ ಗುರುತು ಹಾಕಿ ಮುಂದಿನ ಹೆಸರಿಗೆ ಹೋದರು. ಬಾಗಿಲಲ್ಲಿ ನಿಂತಿದ್ದ ನಾನು ಮಾತ್ರ ಆ ಹೆಸರಿಗೆ ಕಿವಿ ನಿಮಿರಿಸಿದೆ. ನನ್ನ ಕೈಚೀಲದಲ್ಲಿದ್ದ ಇನ್‌ಲ್ಯಾಂಡ್ ಪತ್ರದ ಕೊನೆಯ ಸಾಲಿನ ಕೆಳಗೆ ಇದ್ದದ್ದು ಇದೇ ಹೆಸರು. ದೇವಿಕಾ, ಐದನೇ ಕ್ಲಾಸು.

ಆ ಪತ್ರದ ಮೇಲೆ ಒಬ್ಬ ಮನುಷ್ಯನ ಜೀವ ನಿಂತಿತ್ತು. ಸಂಡೂರು ಸೀಮೆಯ ಕೆಂಚನಕೊಳ್ಳದ ಈ ಶಾಲೆಯ ಹೆಡ್‌ಮಾಸ್ಟರ್ ಮೈಲಾರಲಿಂಗಪ್ಪನವರು ಹೋದ ಶನಿವಾರ ಬೆಳಗಿನ ಶಾಲೆ ಮುಗಿಸಿ ಸೈಕಲ್ ಹತ್ತಿದವರು ಮನೆ ಮುಟ್ಟಿರಲಿಲ್ಲ. ಇವತ್ತು ಶುಕ್ರವಾರ. ನಡುವೆ, ಸೋಮವಾರದ ತಾರೀಖು ಹಾಕಿದ ಈ ಪತ್ರ, ಅವರು ಗುರುವಿನಂತೆ ಕಾಣುವ ಕಂಪ್ಲಿಯ ಉಚ್ಚಂಗೆಮ್ಮನವರಿಗೆ ಹೋಗಿ ತಲುಪಿತ್ತು. ಶಾಲೆಯನ್ನು ಗಣಿಯವರು ಕಟ್ಟಿಸಿಕೊಟ್ಟ ಹೊಸ ಕಟ್ಟಡಕ್ಕೆ ಸಾಗಿಸಲು ತನ್ನ ಒಪ್ಪಿಗೆ ಇದೆ, ಮನಸ್ಸು ದಣಿದಿದೆ, ಎರಡು ತಿಂಗಳು ಹಂಪಿಯ ಕಡೆ ಎಲ್ಲಾದರೂ ಒಬ್ಬನೇ ಇರುತ್ತೇನೆ, ಯಾರೂ ಹುಡುಕಬೇಡಿ ಎಂದು ಅದರಲ್ಲಿತ್ತು.

ತಾವಾಗಿ ಬರೆದು ಹೋದವರನ್ನು ಹುಡುಕುವ ಕೆಲಸ ತಮ್ಮದಲ್ಲ ಎಂದು ಠಾಣೆಯವರು ಕೈ ತೊಳೆದುಕೊಂಡಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಇಲಾಖೆಯ ಮಂದಿ ಬಂದು, ಠಾಣೆಯಿಂದ ತಮಗೂ ಮುಟ್ಟಿದ ಇದೇ ಒಪ್ಪಿಗೆಯ ಮೇಲೆ, ಶಾಲೆ ಖಾಲಿ ಮಾಡಿಸಿ ಬೀಗ ಹಾಕುವವರಿದ್ದರು. ಬೀಗ ಬಿದ್ದ ಮೇಲೆ ಮೈಲಾರಲಿಂಗಪ್ಪ ಬದುಕಿರಬೇಕಾದ ಅವಶ್ಯಕತೆ ಯಾರಿಗೂ ಉಳಿಯುವುದಿಲ್ಲ. ಈ ಲೆಕ್ಕ ಹಾಕಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನಾನು ಗಂಗಾಂಬಿಕಾ. ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ಠಸ್ಸೆ ಹೊಡೆದು ಈಗ ಹೊಸಪೇಟೆಯ ಟಿ.ಬಿ. ಡ್ಯಾಂ ಹತ್ತಿರ ಎರಡು ಕೋಣೆಯ ಮನೆಯಲ್ಲಿದ್ದೇನೆ. ಮಂಡಿ ನೋವಿದೆ, ಬಾಯಿ ಸ್ವಲ್ಪ ಜೋರು. ಪೊಲೀಸಿನವಳಲ್ಲ. ಆದರೂ ಕಾಗದದ ವಿಷಯದಲ್ಲಿ ಏನಾದರೂ ಎಡವಟ್ಟಾದರೆ ಜನ ನನ್ನ ಬಾಗಿಲಿಗೇ ಬರುತ್ತಾರೆ. ಮೈಲಾರಲಿಂಗಪ್ಪ ಮೇಷ್ಟ್ರ ಹೆಂಡತಿ ವಿರುಪಮ್ಮ ಬಂದದ್ದೂ ಹಾಗೇ, ಬುಧವಾರವಿಡೀ ಹಂಪಿ ಬಜಾರಿನ ಮಂಟಪ ಮಂಟಪಕ್ಕೂ ಗಂಡನ ಫೋಟೋ ಹಿಡಿದು ತಿರುಗಿದ ಮೇಲೆ, ಉಂಗುಷ್ಠ ಕಿತ್ತುಹೋದ ಚಪ್ಪಲಿಯಲ್ಲಿ.

ಹಾಜರಿ ಮುಗಿಯುವವರೆಗೆ ತಡೆದುಕೊಂಡೆ. ನಲವತ್ತೊಂದು ಹೆಸರುಗಳಲ್ಲಿ ಏಳಕ್ಕೆ ಇಡೀ ತರಗತಿಯೇ ಉತ್ತರ ಕೊಟ್ಟಿತು. ಮಕ್ಕಳಿಗೆ ಅದು ಪ್ರಾರ್ಥನೆಯಷ್ಟೇ ರೂಢಿಯಾಗಿತ್ತು.

ತಿಪ್ಪೇಶ್ ಹೊರಗೆ ಬಂದ ಕೂಡಲೇ ದೇವಿಕಾ ಎಂಬ ಹುಡುಗಿ ಯಾವಾಗಿನಿಂದ ಬಂದಿಲ್ಲ ಎಂದು ಕೇಳಿದೆ. ಮೂವತ್ತು ದಾಟಿದ, ಅಂಗಿಯ ಇಸ್ತ್ರಿ ಗೆರೆ ಮಾಸದ ಮನುಷ್ಯ. ಉತ್ತರ ಕೊಡುವ ಮೊದಲು ನನ್ನ ಹೆಗಲ ಮೇಲಿಂದ ಗೇಟಿನ ಕಡೆ ನೋಡಿದ. ಅಲ್ಲಿ ಬೇವಿನ ಮರದ ಕೆಳಗೆ ಬಿಳಿ ಬೊಲೆರೊ ನಿಂತಿತ್ತು. ನಾನು, ವಿರುಪಮ್ಮ ಬರುವ ಮೊದಲೇ ನಿಂತಿತ್ತು, ಎಂಜಿನ್ ಓಡುತ್ತಲೇ ಇತ್ತು, ಒಳಗಿನಿಂದ ಯಾರೂ ಇಳಿದಿರಲಿಲ್ಲ.

"ದೀಪಾವಳಿ ಸೂಟಿ ಆದಮ್ಯಾಲ ಬಂದಿಲ್ರಿ ಮೇಡಂ. ನಾಕು ತಿಂಗಳಾತು. ಅದಿರು ರಾಶಿ ಹಾಕೋ ಪ್ಲಾಟಿಗೆ ಜರಡಿ ಹಿಡಿಯಾಕ ಹೊಕ್ಕಾಳ. ಏಳೂ ಮಂದಿ ಹಂಗ ರೀ."

"ಬರದವರ ಹೆಸರು ಯಾಕೆ ಕೂಗ್ತೀರಿ?"

"ಹೆಡ್‌ಮಾಸ್ಟರ್ ಸರ್ ರೂಲ್ ರೀ ಅದು. ಹೆಸರು ಹೊಡಿಬಾರದು, ದಿನಾ ಕೂಗಬೇಕು. ಆಫೀಸಿನವರು ಎಷ್ಟು ಬೈದ್ರೂ ಕೇಳಂಗಿಲ್ಲ."

ನಾನು ಆಫೀಸು ಕೋಣೆಗೆ ಹೆಚ್ಚುಕಡಿಮೆ ಓಡಿದೆ, ನನ್ನ ಮಂಡಿಗೆ ಸಾಧ್ಯವಾದಷ್ಟು.

ವಿರುಪಮ್ಮ ಗಂಡನ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ನೆಲದ ಮೇಲೆ ಟ್ರಂಕಿನ ಪಕ್ಕ ಕೂತಿದ್ದಳು. ಟ್ರಂಕಿನ ತುಂಬ ಹತ್ತೊಂಬತ್ತು ವರ್ಷದ ಪತ್ರಗಳು, ಎಲ್ಲವೂ ಕಂಪ್ಲಿಯ ಉಚ್ಚಂಗೆಮ್ಮನವರು ಬರೆದವು. ಬೆತ್ತವಿಲ್ಲದೆ, ಉರು ಹೊಡೆಸದೆ ಮಕ್ಕಳಿಗೆ ಕಲಿಸಬೇಕೆಂದು ಜೀವಮಾನವಿಡೀ ಇಲಾಖೆಯೊಡನೆ ಜಗಳ ಮಾಡಿದ ಹೆಂಗಸು. ಈಗ ಎಂಬತ್ತೆರಡು, ಕಿವಿ ಪೂರ್ತಿ ಹೋಗಿದೆ. ಊರೆಲ್ಲ ಮೊಬೈಲ್ ಹಿಡಿದು ತಿರುಗುವ ಈ ಕಾಲದಲ್ಲೂ ಅವರಿಗೆ ಮೇಷ್ಟ್ರು ವಾರಕ್ಕೊಂದು ಪತ್ರ ಬರೆಯುತ್ತಿದ್ದದ್ದು ಅದಕ್ಕೇ.

ಮೇಷ್ಟ್ರು ಅವರಿಗೆ ಬರೆದ ಪತ್ರಗಳನ್ನೆಲ್ಲ ನಿನ್ನೆ ಕಂಪ್ಲಿಯಲ್ಲಿ ಕೂತು ನೋಡಿದ್ದೆ. ಒಂದು ಪದ್ಧತಿ ಎಲ್ಲಿಯೂ ತಪ್ಪಿರಲಿಲ್ಲ. ಮೇಷ್ಟ್ರು ಪತ್ರ ಬರೆದು ಮುಗಿಸಿ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಒಂದು ಮಗು ಎದ್ದು ನಿಂತು ತನಗೆ ತೋಚಿದ ಒಂದು ಮಾತು ಹೇಳುತ್ತದೆ. ಅದನ್ನು ಅಕ್ಷರ ಬದಲಿಸದೆ ಬರೆದು ಕೆಳಗೆ ಮಗುವಿನ ಹೆಸರು ಹಾಕುತ್ತಾರೆ. ಪತ್ರದ ಕೊನೆಯ ಸಾಲು ಯಾವಾಗಲೂ ಮಕ್ಕಳದ್ದು.

ಈ ಪತ್ರದಲ್ಲೂ ಒಂದು ಸಾಲಿತ್ತು. 'ಟ್ಯಾಂಕರ್ ನೀರಾಗ ಸಣ್ಣ ಮೀನು ಬರ್ತಾವು, ನಾ ಎರಡು ಹಿಡಿದು ಡಬ್ಬ್ಯಾಗ ಬಿಟ್ಟೀನಿ.'

ನಿನ್ನೆ ಉಚ್ಚಂಗೆಮ್ಮನವರು ಆ ಸಾಲಿನ ಮೇಲೆ ಬೆರಳಿಟ್ಟು, ಉಳಿದದ್ದು ಹೇಗಾದರೂ ಇರಲಿ ಇದು ಮಗುವಿನ ಮಾತೇ, ದೊಡ್ಡವರ ತಲೆಗೆ ಇಂಥದ್ದು ಹೊಳೆಯುವುದಿಲ್ಲ ಎಂದಿದ್ದರು. ಪತ್ರ ಸುಳ್ಳಾಗಿದ್ದರೆ ಸಾಲು ಹೇಗೆ ನಿಜವಾಗುತ್ತದೆ ಎಂದು ನಾನು ಸ್ಲೇಟಿನ ಮೇಲೆ ಬರೆದು ಹಿಡಿದೆ. ಅದು ನಿನ್ನ ಕೆಲಸ, ನೀನು ಹುಡುಕು ಎಂದುಬಿಟ್ಟರು. ಎಂಬತ್ತೆರಡರ ಮುದುಕಿಯ ಮೇಲೆ ಸಿಟ್ಟು ಮಾಡಿಕೊಂಡು ಕಂಪ್ಲಿಯಿಂದ ಬಸ್ ಹತ್ತಿದ್ದೆ.

"ಗಂಗಕ್ಕಾ, ಇದು ನೋಡು," ಎಂದು ವಿರುಪಮ್ಮ ಒಂದು ಹಳದಿ ಕಾರ್ಡು ಚಾಚಿದಳು. ಮೂರು ವರ್ಷದ ಹಿಂದಿನದು. ಗಣಿ ಕೆಲಸಕ್ಕೆ ಹೋದ ಮಕ್ಕಳ ಹೆಸರನ್ನು ಹಾಜರಿಯಿಂದ ತೆಗೆಯಲೋ ಬೇಡವೋ ಎಂದು ಮೇಷ್ಟ್ರು ಕೇಳಿದ್ದಿರಬೇಕು. ಉಚ್ಚಂಗೆಮ್ಮನವರ ಉತ್ತರ ಎರಡೇ ಸಾಲಿನಲ್ಲಿತ್ತು. 'ಹೊಡೆದ ಹೆಸರನ್ನು ಮತ್ತೆ ಬರೆಯುವವರು ಯಾರೂ ಇರುವುದಿಲ್ಲ. ದಿನವೂ ಕೂಗಿರಿ, ಉಳಿದ ಮಕ್ಕಳು ಅವರ ಪರವಾಗಿ ಓ ಅನ್ನಲಿ.'

ನನಗೆ ಎಲ್ಲವೂ ಜೋಡಿಸಿದಂತೆ ಕಂಡಿತು. ಯಾರೋ ಮೇಷ್ಟ್ರ ಕೈಬರಹ ನಕಲು ಮಾಡಿದ್ದಾರೆ. ಕೊನೆಗೆ ಮಗುವಿನ ಹೆಸರು ಬೇಕೆಂದು ಹಾಜರಿ ಪುಸ್ತಕ ತೆರೆದು ಒಂದನ್ನು ಎತ್ತಿಕೊಂಡಿದ್ದಾರೆ. ಬೇರೆ ಯಾವ ಶಾಲೆಯಲ್ಲಾದರೂ ಆ ಹೆಸರಿನ ಮಗು ಬೆಂಚಿನ ಮೇಲೆ ಇರುತ್ತಿತ್ತು. ಈ ಒಂದು ಶಾಲೆಯಲ್ಲಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಮಗು ತರಗತಿಯಲ್ಲಿ ಇರಬೇಕೆಂದಿಲ್ಲ. ಪುಸ್ತಕ ಬಲ್ಲವನು, ತರಗತಿಗೆ ಕಾಲಿಡದವನು, ಅಂಥವನು ಮಾಡುವ ತಪ್ಪು ಇದು.

ಅಂಥವನು ಒಬ್ಬನಿದ್ದ. ಶಾಲಾ ಸಮಿತಿಯ ಅಧ್ಯಕ್ಷ ಅಂಜಿನಯ್ಯ. ಇಪ್ಪತ್ತು ಲಾರಿಗಳ ಯಜಮಾನ. ಗುಡ್ಡದ ಮೇಲಿನ ಗಣಿಗೆ ನೆಟ್ಟಗೆ ಹೋಗುವ ದಾರಿಗೆ ಶಾಲೆ ಅಡ್ಡವಾಗಿದೆ ಎಂದು ಎರಡು ವರ್ಷದಿಂದ ಕುದಿಯುತ್ತಿದ್ದವನು. ತಿಂಗಳಿಗೊಮ್ಮೆ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋಗುತ್ತಿದ್ದ. ಗೇಟಿನ ಹೊರಗೆ ನಿಂತ ಬೊಲೆರೊ ಅವನದೇ.

ನನ್ನ ಆತುರಕ್ಕೆ ಏನು ಹೇಳಲಿ! ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಮೇಲೆ ಮಾತ್ರ ಎಂದು ಮಕ್ಕಳು ತೋರಿಸಿದರು. ಅಲ್ಲಿ ಹತ್ತಿ ನಿಂತು ಎಸ್.ಐ. ಯಲ್ಲೇಶನಿಗೆ ಫೋನ್ ಮಾಡಿದೆ. ಆತ ಸಮಾಧಾನವಾಗಿ ಕೇಳಿಸಿಕೊಂಡು, ಹುಡುಗಿಯ ಹೆಸರು ತಪ್ಪಿದರೆ ತಪ್ಪಿರಲಿ, ಅಕ್ಷರ ಹೆಡ್‌ಮಾಸ್ಟರದ್ದಲ್ಲ ಎಂದು ನೀವು ಬರೆದು ಸಹಿ ಹಾಕಿ ಕೊಡುತ್ತೀರಾ ಎಂದ. ಕೊಡುತ್ತೇನೆ ಎಂದೆ. ಸಂಜೆ ಐದಕ್ಕೆ ಠಾಣೆಗೆ ತನ್ನಿ, ಅದು ಕೈಗೆ ಬಂದರೆ ಈ ರಾತ್ರಿಯೇ ಹುಡುಕಲು ಜನ ಕಳಿಸುತ್ತೇನೆ, ಅಕ್ಷರ ಅವರದೇ ಎಂದಾದರೆ ಮಾತ್ರ ಮತ್ತೆ ಈ ವಿಷಯಕ್ಕೆ ಬರಬೇಡಿ ಎಂದ.

ಕಟ್ಟೆಯಿಂದ ಇಳಿದಾಗ ವಿರುಪಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. ಆರು ದಿನದಲ್ಲಿ ಮೊದಲ ಬಾರಿಗೆ ಆಕೆ ನೀರು ಕೇಳಿ ಕುಡಿದಳು. ಬಾವಿಯ ನೀರು ತಣ್ಣಗೆ, ತಿಳಿಯಾಗಿತ್ತು.

ಊಟದ ಹೊತ್ತಿಗೆ ನನ್ನ ಆ ಧೈರ್ಯ ಕರಗತೊಡಗಿತು.

ಊಟಕ್ಕೆ ಮುಂಚಿನ ಪಿರಿಯಡ್‌ನಲ್ಲಿ ಮಕ್ಕಳು ವರಾಂಡದಲ್ಲಿ ಕೂತು ಹಳೆಯ ಪೇಪರುಗಳಿಂದ ಲಕೋಟೆ ಮಾಡುತ್ತಿದ್ದರು. ನಡುವೆ ಒಂದು ಡಬ್ಬಿಯಲ್ಲಿ ಕಂದು ಬಣ್ಣದ ಅಂಟು. ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿ ಮಾಡಿದ್ದು. ಅದನ್ನು ಮಾಡುವ ರೀತಿಯನ್ನೂ ಉಚ್ಚಂಗೆಮ್ಮನವರೇ ಯಾವುದೋ ಪತ್ರದಲ್ಲಿ ಬರೆದು ಕಳಿಸಿದ್ದರಂತೆ. ಒಬ್ಬ ಹುಡುಗಿ ಲಕೋಟೆಯ ಅಂಚು ಒತ್ತಿದಾಗ ಹೊರಗೆ ಇಣುಕಿದ ಕಂದು ಗೆರೆಯನ್ನು ನೋಡಿ ನಾನು ಕೈಚೀಲ ತೆರೆದೆ.

ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನಲ್ಲೂ ಅದೇ ಗೆರೆ. ನಿನ್ನೆಯೇ ಕಂಡಿದ್ದೆ. ಈ ಕಡೆ ಯಾವ ಕಾಗದಕ್ಕೆ ಅದಿರಿನ ಧೂಳು ಮೆತ್ತಿರುವುದಿಲ್ಲ, ಧೂಳೇ ಇರಬೇಕೆಂದು ಬಿಟ್ಟಿದ್ದೆ. ಉಗುರಿನಿಂದ ಕೆರೆದೆ. ಸಿಪ್ಪೆಯಂತೆ ಎದ್ದು ಬಂತು. ಮೂವತ್ತನಾಲ್ಕು ವರ್ಷ ಲಕ್ಷಾಂತರ ಅಂಚು ಸವರಿದ ಕೈ ನನ್ನದು, ಒಂದು ದಿನ ತಡವಾಗಿ ಗೊತ್ತಾಯಿತಲ್ಲ ಎಂದು ನನ್ನ ಮೇಲೇ ಬೇಜಾರಾಯಿತು.

ಸೋಮವಾರ ಬರೆದ ಪತ್ರ ಇದೇ ಶಾಲೆಯಲ್ಲಿ ಅಂಟಿಸಲ್ಪಟ್ಟಿತ್ತು. ಅಂಟಿನ ಡಬ್ಬಿ ಎಲ್ಲಿಡುತ್ತೀರಿ ಎಂದು ಮಕ್ಕಳನ್ನು ಕೇಳಿದೆ. ಕಪಾಟಿನಲ್ಲಿ, ಕೀಲಿ ಸಣ್ಣ ಮೇಷ್ಟ್ರ ಹತ್ತಿರ ಎಂದರು. ಸಣ್ಣ ಮೇಷ್ಟ್ರು ಅಂದರೆ ತಿಪ್ಪೇಶ್.

ಒಂದು ಗಂಟೆಗೆ ಗುಡ್ಡದಲ್ಲಿ ಬ್ಲಾಸ್ಟಿಂಗ್ ಸೈರನ್ ಕೂಗಿತು. ಮಕ್ಕಳು ಮಾತು ನಿಲ್ಲಿಸದೆ ಬಿಸಿಯೂಟದ ತಟ್ಟೆಗಳ ಮೇಲೆ ಅಂಗೈ ಮುಚ್ಚಿದರು. ಢಂ ಎಂದ ಮೇಲೆ ಹೆಂಚಿನ ಸಂದಿಯಿಂದ ಕೆಂಪು ಉದುರಿತು. ಅವರು ಕೈ ತೆಗೆದು ಮತ್ತೆ ಉಣ್ಣತೊಡಗಿದರು. ನಾನು ತಿಪ್ಪೇಶನನ್ನು ಬಾವಿಯ ಹಿಂದೆ, ಬೊಲೆರೊ ಕಾಣದ ಕಡೆ ಕರೆದೊಯ್ದೆ.

ಪತ್ರವನ್ನು ಅವನ ಮುಂದೆ ಹಿಡಿದು ಅಂಚು ತೋರಿಸಿದೆ. "ಸೋಮವಾರ ಇದಕ್ಕೆ ಅಂಟು ಹಚ್ಚಿದವರು ಯಾರು, ತಿಪ್ಪೇಶ್ ಮೇಷ್ಟ್ರೇ?"

ಆ ಅಂಟನ್ನು ಊರಿಗೆಲ್ಲ ಹಂಚುತ್ತೇವೆ, ಯಾರಾದರೂ ಇರಬಹುದು ಎಂದ. ಸಂಜೆ ಐದಕ್ಕೆ ಠಾಣೆಗೆ ಹೋಗುತ್ತಿದ್ದೇನೆ, ಪತ್ರದ ಜೊತೆ ಅಂಟಿನ ಡಬ್ಬಿಯನ್ನೂ ಕೀಲಿಯನ್ನೂ ಕೊಡುತ್ತೇನೆ, ನಕಲಿ ಪತ್ರ ಬರೆದವನು ನೀನೇ ಎಂದು ಅವರು ತಿಳಿದರೆ ನಾನು ಅಡ್ಡ ಬರುವುದಿಲ್ಲ ಎಂದೆ. ಅವನು ಬಾವಿಕಟ್ಟೆಯ ಮೇಲೆ ಕೂತ.

"ನಕಲಿ ಅಲ್ರಿ ಅದು. ಸರ್ ಕೈಬರಹನ ಅದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವನು ತಡೆತಡೆದು ಹೇಳಿದ್ದನ್ನು ಜೋಡಿಸಿದರೆ ಹೀಗಿತ್ತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಂಜಿನಯ್ಯ ಬೊಲೆರೊದಲ್ಲಿ ಬಂದು ಮಡಿಚದ ಪತ್ರವೊಂದನ್ನು ಕೈಗೆ ಕೊಟ್ಟ. ನಿಮ್ಮ ಸರ್ ಆ ಕಂಪ್ಲಿ ಅಮ್ಮನಿಗೆ ಬರೆಯುವುದು ಹೀಗೆಯೇ, ಆಕೆಗೆ ಸಂಶಯ ಬರುವಂಥದ್ದು ಏನಾದರೂ ಇದೆಯೇ, ನೋಡಿ ಹೇಳು ಎಂದ. ಅಕ್ಷರ ಮೇಷ್ಟ್ರದ್ದೇ. ಮಸಿ ಮೇಷ್ಟ್ರದ್ದೇ. ಕೊನೆಯ ಸಾಲು ಮಾತ್ರ ಇರಲಿಲ್ಲ.

"ನೀನು ಹೇಳಿಬಿಟ್ಟೆ," ಎಂದೆ.

"ಹೇಳಿದೆ ರೀ. ಕಡೀಕ ಒಂದು ಹುಡುಗರ ಮಾತು ಇರ್ತೈತಿ, ಅದಿಲ್ದ ಆ ಅಮ್ಮ ನಂಬಂಗಿಲ್ಲ ಅಂದೆ. ನಂಬದಿದ್ರ ಸರ್‌ಗೆ ಏನರ ಮಾಡಿಬಿಡ್ತಾರ ಅಂತ ಅಂಜಿಕಿ ಬಂತು. ಶಾಲಿ ಹೋದ್ರ ಹೋಗ್ಲಿ, ಸರ್ ಉಳೀಲಿ ಅನ್ನಿಸ್ತು."

ಅಂಜಿನಯ್ಯ ಪತ್ರ ತೆಗೆದುಕೊಂಡು ಹೋದವನು ಒಂದು ತಾಸಿನೊಳಗೆ ವಾಪಸ್ ಬಂದ. ಸಾಲು ಸೇರಿತ್ತು. ಅದರ ಮಸಿ ಮೇಲಿನ ಸಾಲುಗಳಿಗಿಂತ ಹೊಸದಾಗಿ ಕಾಣುತ್ತಿತ್ತು. ತಿಪ್ಪೇಶ್ ಅದಕ್ಕೆ ಅಂಟು ಹಚ್ಚಿ, ಸಂಡೂರಿಗೆ ಹೋಗಿ ಡಬ್ಬಕ್ಕೆ ಹಾಕಿ ಬಂದಿದ್ದ.

ಐದು ಗಂಟೆಗೆ ನಾನು ಸಹಿ ಹಾಕಿ ಕೊಡಬೇಕಾದ ಕಾಗದ ನೆನಪಾಯಿತು. ಅಕ್ಷರ ಮೇಷ್ಟ್ರದ್ದಲ್ಲ ಎಂದು ಬರೆದರೆ ಸುಳ್ಳು, ಹೌದು ಎಂದರೆ ಠಾಣೆಯ ಬಾಗಿಲು ಮುಚ್ಚಿತು. ವಿರುಪಮ್ಮನಿಗೆ ಯಾವ ಮುಖ ಹೊತ್ತು ಹೇಳಲಿ? ನನ್ನ ಬಾಯಿಗೆ ಬೀಗ ಹಾಕಬೇಕಿತ್ತು, ಶಾಲೆಗಲ್ಲ.

ಆದರೂ ತಲೆ ಒಂದು ಕಡೆಯಿಂದ ಬಿಡಿಸುತ್ತಲೇ ಇತ್ತು. ಒಂದು ತಾಸು. ಹೋಗಲು ಅರ್ಧ ತಾಸು, ಬರಲು ಅರ್ಧ ತಾಸು. ಸೋಮವಾರ ಹನ್ನೊಂದು ಗಂಟೆಗೆ ಮೇಷ್ಟ್ರು ಬದುಕಿದ್ದರು, ಇಲ್ಲಿಂದ ಅರ್ಧ ತಾಸಿನ ದಾರಿಯಲ್ಲಿದ್ದರು, ಪೆನ್ನು ಅವರ ಕೈಯಲ್ಲಿತ್ತು. ಪತ್ರದ ಉಳಿದ ಭಾಗವನ್ನು ಬೇರೆಯವರು ಹೇಳಿ ಬರೆಸಿದ್ದರು. ಕೊನೆಯ ಸಾಲನ್ನು ಮಾತ್ರ ಅವರಿಗೇ ಬಿಟ್ಟಿದ್ದರು, ಮಕ್ಕಳ ಮಾತಿನಲ್ಲಿ ಏನಿರುತ್ತದೆ ಎಂಬ ಅಸಡ್ಡೆಯಿಂದ. ತಿಪ್ಪೇಶ್ ಭಯದಿಂದ ಆಡಿದ ಆ ಒಂದು ಮಾತು ಅವರಿಗೆ ಹೊರಗೆ ಒಂದು ಸುದ್ದಿ ಕಳಿಸುವ ಅವಕಾಶ ಮಾಡಿಕೊಟ್ಟಿತ್ತು.

ಶಾಲೆಯಲ್ಲಿರುವ ಮೂವತ್ತನಾಲ್ಕು ಮಕ್ಕಳನ್ನು ಬಿಟ್ಟು ಅವರು ದೇವಿಕಾಳ ಹೆಸರು ಬರೆದರು. ದೇವಿಕಾ ಇರುವುದು ಪ್ಲಾಟಿನಲ್ಲಿ. ಮತ್ತೆ ಆ ಮೀನು. ಕೆಂಚನಕೊಳ್ಳಕ್ಕೆ ಟ್ಯಾಂಕರ್ ಬರುವುದೇ ಇಲ್ಲ, ಬಾವಿಯಿದೆ. ಬೋರಿನಿಂದ ತುಂಬಿಸಿದ ಟ್ಯಾಂಕರಿನಲ್ಲಿ ಮೀನು ಬರುವುದಿಲ್ಲ. ಕಾಲುವೆಯಿಂದಲೋ ಡ್ಯಾಮಿನ ಹಿನ್ನೀರಿನಿಂದಲೋ ತುಂಬಿಸಿದರೆ ಮಾತ್ರ ಬರುತ್ತದೆ. ನಮ್ಮ ಡ್ಯಾಂ ಕಡೆಯ ಮನೆಗಳ ತೊಟ್ಟಿಯಲ್ಲೂ ಬೇಸಿಗೆಯಲ್ಲಿ ಅಂಥ ಮೀನು ಕಾಣುತ್ತೇವೆ. ಹೊಸಪೇಟೆಯ ದಿಕ್ಕಿನಲ್ಲಿ, ಕಾಲುವೆಗೆ ಹತ್ತಿರದ ಯಾವುದೋ ಅದಿರಿನ ಪ್ಲಾಟಿನಲ್ಲಿ ಅವರನ್ನು ಇಟ್ಟಿದ್ದರು.

"ದೇವಿಕಾ ಶಾಲೆಗೆ ಬರಲ್ಲ ಅಂತ ನಿನಗೆ ಗೊತ್ತಿತ್ತು. ಸಾಲು ನೋಡಿದಾಗ ಏನೂ ಅನ್ನಿಸಲಿಲ್ಲವಾ?"

ಅವನು ತಲೆ ಎತ್ತಿದ. ಕಣ್ಣು ತುಂಬಿದ್ದವು. "ಗೊತ್ತಾತ್ರಿ. ಏನೋ ಹೇಳಾಕ ಹತ್ಯಾರ ಅಂತ ಗೊತ್ತಾತು. ಅದಕ್ಕ ಬಾಯಿ ಮುಚ್ಚಿಕೊಂಡು ಅಂಟು ಹಚ್ಚಿದೆ. ಯಾರರ ತಿಳ್ಕೊಳ್ಳಿ ಅಂತ."

ಅಯ್ಯೋ ಪಾಪ ಎನ್ನಿಸಿತು. ನನಗೆ ಹಾಗೆ ಬೇಗ ಅನ್ನಿಸುವುದಿಲ್ಲ. ಒಬ್ಬ ಹೆದರುಪುಕ್ಕಲ ತನ್ನ ಮಟ್ಟಿಗೆ ಮಾಡಬಹುದಾದಷ್ಟು ಮಾಡಿದ್ದಾನೆ ಎಂದುಕೊಂಡು ಅವನ ಭುಜ ತಟ್ಟಿದೆ. ಮುಖ ತೊಳೆದುಕೋ, ನೀನು ನನ್ನ ಜೊತೆ ಠಾಣೆಗೆ ಬಂದು ಈಗ ಹೇಳಿದ್ದನ್ನೇ ಹೇಳಬೇಕು, ನಿನ್ನ ಒಂದು ಮಾತಿಗೆ ನನ್ನ ಹತ್ತು ಸಹಿಯ ಬೆಲೆ ಇದೆ ಎಂದೆ. ಒಪ್ಪಿದ. ಹಗ್ಗ ಬಿಟ್ಟು ನೀರು ಸೇದಿ ಮುಖಕ್ಕೆ ಎರಚಿಕೊಂಡ. ಗಂಟೆ ಎರಡಾಗುತ್ತ ಬಂದಿತ್ತು.

ಇಬ್ಬರೂ ಬಾವಿಯ ಮರೆಯಿಂದ ಈಚೆ ಬಂದಾಗ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ವಿರುಪಮ್ಮನ ಜೊತೆ ಮಾತಾಡುತ್ತ ನಿಂತಿದ್ದಳು. ನಲವತ್ತರ ಆಸುಪಾಸು. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಡಾಲ್ಡಾ ಡಬ್ಬಿ. ಮೆಣಸಿನಕಾಯಿ ಹೊಲದಿಂದ ನೇರ ಬಂದಿದ್ದಳೆಂದು ಕಾಣುತ್ತದೆ, ಸೀನುತ್ತ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಈಕಿ ತಾಯಕ್ಕ," ಎಂದಳು ವಿರುಪಮ್ಮ. "ದೇವಿಕಾನ ಅವ್ವ."

ತಾಯಕ್ಕ ನನಗೆ ಕೈಮುಗಿದಳು. ಇಲಾಖೆಯವಳೆಂದುಕೊಂಡಳೋ ಏನೋ. "ಊಟದ ಹೊತ್ತಿಗೇ ಬರೂಣು ಅಂದ್ರ ಲಾರಿ ಬಿಡವಲ್ವು ರೀ, ದಾರಿ ದಾಟಾಕ ಆಗಂಗಿಲ್ಲ. ನಮ್ಮ ಹುಡುಗಿ ಯಾವ ಕೋಣ್ಯಾಗ ಕುಂತಾಳ್ರಿ? ರೊಟ್ಟಿ ತಂದೀನಿ. ಇದನ್ನೂ ತಂದೀನಿ, ಮನ್ಯಾಗ ಬಿಟ್ಟು ಹೋಗಿದ್ಲು. ಕೇಳ್ತಿರ್ತಾಳ ಅಂತ."

ಡಬ್ಬಿಯ ಮುಚ್ಚಳ ತೆಗೆದಳು. ಕದಡಿದ ನೀರಿನಲ್ಲಿ ಕಿರುಬೆರಳಿನುಗುರಿನಷ್ಟು ಎರಡು ಮೀನು ಸುತ್ತುತ್ತಿದ್ದವು.

ಉಚ್ಚಂಗೆಮ್ಮನವರು ಹೇಳಿದ್ದು ನಿಜವಾಗಿತ್ತು. ಮೇಷ್ಟ್ರು ಆ ಸಾಲನ್ನು ಕಟ್ಟಿರಲಿಲ್ಲ. ಸೋಮವಾರ ಹನ್ನೊಂದು ಗಂಟೆಗೆ ಅವರು ಪೆನ್ನು ಹಿಡಿದಾಗ ಹುಡುಗಿ ಅವರ ಹತ್ತಿರವೇ ಇದ್ದಳು. ಹತ್ತೊಂಬತ್ತು ವರ್ಷದಿಂದ ಕೇಳಿದ ಹಾಗೆ ಅಲ್ಲಿಯೂ ಒಂದು ಮಗುವನ್ನು ಕೇಳಿದ್ದರು. ಅವಳು ಎದ್ದು ನಿಂತು ತನ್ನ ಮೀನಿನ ವಿಷಯ ಹೇಳಿದ್ದಳು. ಮೇಷ್ಟ್ರನ್ನು ಎಲ್ಲಿಟ್ಟಿದ್ದಾರೆಂದು ಕಣ್ಣಾರೆ ಕಂಡವಳು, ಅವರನ್ನಿಟ್ಟವರ ಮುಖ ನೋಡಿದವಳು, ಹತ್ತು ವರ್ಷದ ಆ ಹುಡುಗಿ.

ತಾಯಕ್ಕಾ, ಅವಳು ಕೆಲಸ ಮಾಡುವ ಪ್ಲಾಟ್ ಎಲ್ಲಿದೆ ಎಂದು ಕೇಳಿದೆ. ತಾನು ನೋಡಿಲ್ಲ ಎಂದಳು. ನಸುಕಿನಲ್ಲಿ ಲಾರಿ ಬಂದು ರಸ್ತೆಯಲ್ಲಿ ಹತ್ತಿಸಿಕೊಳ್ಳುತ್ತದೆ, ಕತ್ತಲಾದ ಮೇಲೆ ತಂದು ಬಿಡುತ್ತದೆ. ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳಂತೆ ನಕ್ಕಳು.

"ಅದೆಲ್ಲ ಬಿಟ್ಟಾತಲ್ರಿ ಈಗ. ಸೋಮಾರದಿಂದ ಸಾಲಿ ಕಲಿಯಾಕ ಹಚ್ಚೀವಲ್ಲ."

"ಯಾರು ಹೇಳಿದ್ರು ನಿಮಗೆ?"

"ಈ ಸಣ್ಣ ಮೇಷ್ಟ್ರ ಬಂದು ಹೇಳಿದ್ರಲ್ರಿ, ಸೋಮಾರ ಸಂಜೀಕ. ಪ್ಲಾಟಿನಿಂದ ಬಿಡಿಸಿಕೊಂಡು ಬಂದೀವಿ, ಸರ್ ಮನ್ಯಾಗ ಇಟ್ಕೊಂಡು ಓದಸ್ತೀವಿ, ಐತವಾರ ಮಟ ನೋಡಾಕ ಬರಬ್ಯಾಡ, ಅಕಿ ಮನಸು ಹೊಳ್ಳತೈತಿ ಅಂದ್ರು. ಹೊಲದ ಗುಡಿಸಲದಾಗ ಇರಾಕಿ ನಾ, ಊರ ಸುದ್ದಿ ಏನೂ ತಿಳಿಯಂಗಿಲ್ಲ. ನನಗ ತಡೀಲಿಲ್ಲ, ಬಂದೆ."

ವಿರುಪಮ್ಮ ಗೋಡೆ ಹಿಡಿದುಕೊಂಡಳು. "ನಮ್ಮ ಮನ್ಯಾಗ?" ಎಂದಳು, ಯಾರಿಗೂ ಕೇಳಿಸದಷ್ಟು ಸಣ್ಣಗೆ.

ನಾನು ತಿರುಗಿದೆ. ಈಗಷ್ಟೇ ನಾನು ಭುಜ ತಟ್ಟಿದ ಮನುಷ್ಯ ಪಕ್ಕದಲ್ಲಿರಲಿಲ್ಲ. ಒದ್ದೆ ಮುಖದಲ್ಲೇ ಗೇಟಿನ ಕಡೆ ಹೋಗುತ್ತಿದ್ದ, ಓಡದೆ, ಬಿರುಸಾಗಿ. ಕಣ್ಣು ತುಂಬಿಕೊಂಡು ಹೇಳಿದ್ದರಲ್ಲಿ ಎಷ್ಟು ನಿಜ, ಹುಡುಗಿಯನ್ನೂ ಅವರು ಸೋಮವಾರದಿಂದ ಬಿಟ್ಟಿಲ್ಲವೆಂಬುದನ್ನು ಹೇಗೆ ನುಂಗಿದ! ಬೇವಿನ ಮರದ ಕೆಳಗೆ ಬೊಲೆರೊದ ಹಿಂದಿನ ಬಾಗಿಲು ಒಳಗಿನಿಂದ ತೆರೆಯಿತು. ನನ್ನ ಮಂಡಿಗೆ ಅಷ್ಟು ದೂರ ಓಡುವ ಶಕ್ತಿ ಇರಲಿಲ್ಲ. ತಿಪ್ಪೇಶ್ ಎಂದು ಕೂಗಿದೆ, ಅವನು ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಎರಡು ಗಂಟೆಯ ಬೆಲ್ ಹೊಡೆಯಿತು. ಮಧ್ಯಾಹ್ನದ ಹಾಜರಿಯನ್ನು ಈ ಶಾಲೆಯಲ್ಲಿ ಮಕ್ಕಳೇ ಕೂಗುತ್ತಾರೆ. ಒಳಗೆ ಯಾವುದೋ ಹುಡುಗಿ ಒಂದೊಂದೇ ಹೆಸರು ಓದತೊಡಗಿದಳು. ತಾಯಕ್ಕ ಮಾತು ನಿಲ್ಲಿಸಿ ಕಿವಿಗೊಟ್ಟಳು.

"ದೇವಿಕಾ."

"ಬರ್ತಾಳ್ರೀ."

ತಾಯಕ್ಕನ ಮುಖ ಅರಳಿತು. "ಎಲ್ಲ್ಯರ ಹೊರಗ ಹೋಗಿರಬೇಕು. ಬರ್ಲಿ ಬಿಡ್ರಿ, ನಾ ಇಲ್ಲೇ ಕುಂತಿರ್ತೀನಿ," ಎಂದು ಮೆಟ್ಟಿಲ ಮೇಲಿನ ಧೂಳು ಸೆರಗಿನಿಂದ ಝಾಡಿಸಿ, ಮೀನಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.